ಹುಣಿಸೆಹುಳಿಯ ನಾಲ್ಕನೆಯ ರೂಪ

ಹೋದ ತಿಂಗಳು ಬಲಗೈ ಮಣಿಕಟ್ಟು ನೋಯುತ್ತದೆಂದು ಡಾಕ್ಟರ ಹತ್ತಿರ ಹೋಗಿದ್ದೆ. ನನ್ನ ಮಗಳ ವಯಸ್ಸಿನ ಡಾಕ್ಟರು.

"ಆಂಟಿ, ಒರಳಲ್ಲಿ ರುಬ್ಬುತ್ತೀರಾ?"

"ಇಲ್ಲಮ್ಮ, ಮಿಕ್ಸಿ ಇದೆ."

"ಬಟ್ಟೆ ಹಿಂಡುತ್ತೀರಾ?"

"ಮೆಷಿನ್ ಇದೆ."

"ಮತ್ತೆ ಮಾತಾಡುವಾಗ ಕೈಯನ್ನ ಹಾಗೆ ಯಾಕೆ ತಿರುಗಿಸ್ತೀರಿ?"

ನೋಡಿಕೊಂಡೆ. ನನ್ನ ಬಲಗೈ ಕಣ್ಣಿಗೆ ಕಾಣದ ಏನನ್ನೋ ಹಿಡಿದು ಮೆಲ್ಲಗೆ ಎಡಕ್ಕೂ ಬಲಕ್ಕೂ ತಿರುಗಿಸುತ್ತಿತ್ತು. ಪಕ್ಕದ ಕುರ್ಚಿಯಲ್ಲಿದ್ದ ನನ್ನ ಯಜಮಾನರು, ಇಪ್ಪತ್ತೈದು ವರ್ಷದ ದಣಿವೆಲ್ಲ ಇರುವ ದನಿಯಲ್ಲಿ, "ಅದು ಮಾಲಿಕ್ಯೂಲ್ ಡಾಕ್ಟ್ರೇ. ತರಕಾರಿಯವನ ಹತ್ತಿರ ಚೌಕಾಸಿ ಮಾಡುವಾಗಲೂ ತಿರುಗಿಸ್ತಾಳೆ," ಅಂದರು. ಡಾಕ್ಟರು ಒಂದು ಮುಲಾಮು ಬರೆದುಕೊಟ್ಟರು.

ಈ ಚಟ ಹತ್ತಿದ್ದು ತೊಂಬತ್ತರ ದಶಕದ ಕೊನೆಕೊನೆಗೆ, ಸೇಲಂನಲ್ಲಿ. ನಾನು ಧರ್ಮಪುರಿ ಕಡೆಯ ಕಾರಿಮಂಗಲಂ ಹತ್ತಿರದ ಹಳ್ಳಿಯವಳು. ಮನೆಯಲ್ಲಿ ಕನ್ನಡ, ಸ್ಕೂಲಲ್ಲಿ ತಮಿಳು, ಕಾಲೇಜಲ್ಲಿ ಇಂಗ್ಲಿಷು, ಬಸ್ಸಲ್ಲಿ ಮೂರೂ. ಕನ್ನಡದ ಅಕ್ಷರ ಕಲಿತದ್ದು ಮದುವೆಯಾಗಿ ಮೈಸೂರಿಗೆ ಬಂದ ಮೇಲೆ. ಆದ್ದರಿಂದ ನನ್ನ ಬರಹದಲ್ಲಿ ಎಲ್ಲಾದರೂ ತಮಿಳು ಇಣುಕಿದರೆ ಅದು ಬಾಗಿಲಲ್ಲಿ ನಿಂತ ನೆಂಟರು ಅಂದುಕೊಳ್ಳಿ, ಒಳಗೆ ಕರೆಯಿರಿ.

ಸೇಲಂ ಜಂಕ್ಷನ್ನಿನಿಂದ ಟೌನ್ ಬಸ್ಸಿನಲ್ಲಿ ಅರ್ಧ ಗಂಟೆಯ ದೂರದಲ್ಲಿ ಒಂದು ಖಾಸಗಿ ಕಾಲೇಜಿತ್ತು. ಅಲ್ಲೇ ಬಿ.ಎಸ್ಸಿ. ಓದಿ, ಬೇರೆಡೆ ಎಂ.ಎಸ್ಸಿ. ಮುಗಿಸಿ, ಅಲ್ಲೇ ಕೆಮಿಸ್ಟ್ರಿ ಡೆಮಾನ್‌ಸ್ಟ್ರೇಟರಾಗಿ ಸೇರಿದ್ದೆ. ಟೆಂಪರರಿ. ಮೂರು ವರ್ಷದಿಂದ ಟೆಂಪರರಿ. ಕಾಲೇಜು ಕಟ್ಟಿಸಿದವರು ಜವ್ವರಿಸಿ ಮಿಲ್ಲಿನ ಯಜಮಾನರು. ಜವ್ವರಿಸಿ ಅಂದರೆ ನಿಮ್ಮ ಸಬ್ಬಕ್ಕಿ. ಅವರನ್ನು ಎಲ್ಲರೂ ಕರೆಸ್ಪಾಂಡೆಂಟ್ ಅಯ್ಯಾ ಅನ್ನುತ್ತಿದ್ದರು. ಕರೆಸ್ಪಾಂಡೆಂಟ್ ಅಂದರೆ ಅಲ್ಲಿ ಕಾಲೇಜಿನ ಆಡಳಿತ ನಡೆಸುವವರು, ಪತ್ರಿಕೆಯವರಲ್ಲ. ಬಿಳಿ ಪಂಚೆ, ಬಿಳಿ ಅಂಗಿ. ಮಾತು ಕಡಿಮೆ, ಆದರೆ ಆಡಿದ ಮಾತು ಮರುದಿನ ಸರ್ಕ್ಯುಲರ್ ಆಗಿ ಬರುತ್ತಿತ್ತು.

ಎಂ.ಎಸ್ಸಿ. ಕೋರ್ಸು ಶುರುಮಾಡಬೇಕೆಂದು ಅಯ್ಯಾ ಅವರಿಗೆ ಆಸೆಯಾಯಿತು. ಅದಕ್ಕೆ ಯೂನಿವರ್ಸಿಟಿಯಿಂದ ಕಮಿಟಿ ಬಂದು ನೋಡಬೇಕು. ಕಮಿಟಿಗೆ ತೋರಿಸಲು ಏನಾದರೂ ಹೊಸದು ಬೇಕು. ಹಾಗೆ ನಮ್ಮ ಡಿಪಾರ್ಟ್‌ಮೆಂಟಿಗೆ ಒಂದು ಕಂಪ್ಯೂಟರೂ, ಅಣುಗಳ ಮಾಡೆಲ್ ಕಟ್ಟುವ ಒಂದು ಸಾಫ್ಟ್‌ವೇರೂ ಬಂದವು.

ಬ್ಯಾಲೆನ್ಸ್ ರೂಮನ್ನು ಖಾಲಿ ಮಾಡಿಸಿ ಅದಕ್ಕೆ ಕೊಟ್ಟರು. ಇಡೀ ಕಾಲೇಜಿನಲ್ಲಿ ಎ.ಸಿ. ಇದ್ದದ್ದು ಎರಡೇ ಕಡೆ, ಅಯ್ಯಾ ಅವರ ರೂಮು ಮತ್ತು ಈ ಕಂಪ್ಯೂಟರಿನ ರೂಮು. ಮಾನಿಟರಿನ ಹಣೆಗೆ ಗಂಧ, ಕುಂಕುಮ ಬಿತ್ತು. ಮೇಲೆ ಜರಿಯಂಚಿನ ವೆಲ್ವೆಟ್ ಹೊದಿಕೆ. ಎಡಪ್ಪಾಡಿಯಿಂದ ಮಗ್ಗದ ಜಮಖಾನ ತರಿಸಿ ಹಾಸಿದರು. ಚಪ್ಪಲಿ ಹೊರಗೆ ಬಿಡಬೇಕು. ಆಸಿಡ್ಡಿನ ಹೊಗೆಯಲ್ಲಿ ಕೆಮ್ಮುತ್ತ ಲ್ಯಾಬಿನಲ್ಲಿ ನಿಲ್ಲುವ ನಮಗೆ ಒಂದು ಎಕ್ಸಾಸ್ಟ್ ಫ್ಯಾನೂ ಇರಲಿಲ್ಲ. ಕಂಪ್ಯೂಟರಿಗೆ ಧೂಳು ಆಗದು ಅಂತ ಕಿಟಕಿಗೆ ಎರಡು ಪರದೆ.

ಇದನ್ನು ನಡೆಸುವ ಹೊಣೆ ನನ್ನ ತಲೆಗೆ ಬಂದದ್ದು ನನ್ನ ಜಾಣತನದಿಂದಲ್ಲ. ಟೈಪ್‌ರೈಟಿಂಗ್ ಲೋಯರ್ ಪಾಸು ಮಾಡಿದ್ದವಳು ಡಿಪಾರ್ಟ್‌ಮೆಂಟಿನಲ್ಲಿ ನಾನೊಬ್ಬಳೇ ಇದ್ದೆ.

ಸಾಫ್ಟ್‌ವೇರಿನಲ್ಲಿ ಅಣು ಕಟ್ಟುವುದು ಕಷ್ಟವಲ್ಲ. ಕಾರ್ಬನ್ನಿಗೆ ಬೂದು ಗುಂಡು, ಆಕ್ಸಿಜನ್ನಿಗೆ ಕೆಂಪು, ಹೈಡ್ರೋಜನ್ನಿಗೆ ಬಿಳಿ. ನಡುವೆ ಕಡ್ಡಿಗಳು. ಒಂದು ಬಟನ್ ಒತ್ತಿಹಿಡಿದು ಮೌಸ್ ಎಳೆದರೆ ಅಣು ಇದ್ದಲ್ಲೇ ತಿರುಗುತ್ತದೆ, ಇನ್ನೊಂದನ್ನು ಒತ್ತಿ ಎಳೆದರೆ ಅಣುವೇ ಜಾಗ ಬಿಟ್ಟು ಸರಿಯುತ್ತದೆ. ಆ ಕಾಲದ ಯಂತ್ರ ಸೋಮಾರಿ, ತಿರುಗಿಸುವಾಗ ಗುಂಡುಗಳೆಲ್ಲ ಮಾಯವಾಗಿ ಬರೀ ಗೆರೆ ಉಳಿಯುತ್ತಿತ್ತು, ಕೈ ನಿಲ್ಲಿಸಿದರೆ ಒಂದೊಂದೇ ಗುಂಡು ಬಂದು ಕೂರುತ್ತಿತ್ತು. ಮೊದಲ ದಿನ ನೀರಿನ ಅಣುವನ್ನು ಒಂದು ಮಧ್ಯಾಹ್ನ ಪೂರ್ತಿ ತಿರುಗಿಸಿದೆ. ಊಟ ಮರೆತೆ. ಪುಸ್ತಕದ ಹಾಳೆಗೆ ಅಂಟಿಕೊಂಡೇ ಬದುಕಿದ್ದ ಒಂದು ಚಿತ್ರ ಎದ್ದು ಬೆನ್ನು ತೋರಿಸಿದರೆ ಯಾರಿಗೆ ಊಟ ನೆನಪಾಗುತ್ತದೆ ಹೇಳಿ.

ಕರೆಸ್ಪಾಂಡೆಂಟ್ ಅಯ್ಯಾ ನೋಡಲು ಬಂದರು. ಬರಿಗಾಲಲ್ಲಿ ನಿಂತು ಬಹಳ ಹೊತ್ತು ನೋಡಿದರು.

"ನಮ್ಮ ಮಿಲ್ಲಲ್ಲೂ ಹೀಗೇ," ಅಂದರು. "ಹಿಟ್ಟನ್ನ ಜೋಲಿಗೆ ಹಾಕಿ ತೂಗಿದರೆ ಗುಂಡುಗುಂಡಾಗತ್ತೆ. ಕಮಿಟಿ ಬಂದಾಗ ಇದು ತಿರುಗತ್ತೆ ತಾನೆ?"

"ತಿರುಗತ್ತೆ ಅಯ್ಯಾ."

"ಅಷ್ಟು ಸಾಕು."

ನಮ್ಮ ಹೆಚ್.ಓ.ಡಿ. ವೈದ್ಯಲಿಂಗಂ ಸಾರ್ ಅವರಿಗೆ ಆಗ ಹುಮ್ಮಸ್ಸು ಬಂತು. ಇಪ್ಪತ್ತೆರಡು ವರ್ಷ ಪಾಠ ಮಾಡಿದವರು, ನನಗೂ ಮೇಷ್ಟ್ರು. ಅವರ ನೋಟ್ಸು ಜೆರಾಕ್ಸಾಗಿ ಧರ್ಮಪುರಿವರೆಗೂ ಹೋಗುತ್ತಿತ್ತು. ಬೇರೆ ಕಾಲೇಜಿನ ಹುಡುಗರು ಸಾರ್ ಮುಖ ನೋಡದೆಯೇ ಅವರ ಕೈಬರಹ ಗುರುತಿಸುತ್ತಿದ್ದರು. ಅವರು ಅಯ್ಯಾ ಎದುರಿಗೆ, "ಬಿಡಮ್ಮ, ನಾನು ತೋರಿಸ್ತೀನಿ," ಎಂದು ಮೌಸನ್ನು ಸ್ಪಿರಿಟ್ ಲ್ಯಾಂಪ್ ಹಿಡಿದ ಹಾಗೆ ಹಿಡಿದು, ತಪ್ಪು ಬಟನ್ ಒತ್ತಿ, ಜೋರಾಗಿ ಎಳೆದರು. ಬೆಂಜೀನ್ ಅಣು ಸರ್ರನೆ ಸರಿದು ಪರದೆಯ ಆಚೆ ಹೋಗಿಬಿಟ್ಟಿತು.

ಸಾರ್ ಬಗ್ಗಿ ಮಾನಿಟರಿನ ಪಕ್ಕ ನೋಡಿದರು. ಅಯ್ಯಾ ಶಾಂತವಾಗಿ, "ಇಲ್ಲಿಗೆ ಕೊನೆಗೆ ಯಾರು ಬಂದಿದ್ದರು?" ಎಂದು ಕೇಳಿದರು. ನಾನು ಎಳೆದು ವಾಪಸ್ ತಂದೆ. ಆದರೂ ಮರುದಿನ ಸರ್ಕ್ಯುಲರ್ ಬಂತು: ಅನುಮತಿಯಿಲ್ಲದೆ ಅಣುಗಳನ್ನು ಸ್ಥಳಾಂತರಿಸಕೂಡದು. ಅಂದಿನಿಂದ ಸಾರ್ ಮೌಸಿನ ಕಡೆ ಕೈ ಚಾಚಲಿಲ್ಲ. ನಾನು ತಿರುಗಿಸುವುದು, ಅವರು ಬೆತ್ತದಿಂದ ತೋರಿಸಿ ವಿವರಿಸುವುದು ಎಂದು ನಿಶ್ಚಯವಾಯಿತು. ವಿಷಯ, ಟಾರ್ಟಾರಿಕ್ ಆಸಿಡ್‌ನ ನಾಲ್ಕು ರೂಪಗಳು.

ಇಲ್ಲಿ ಸ್ವಲ್ಪ ಪಾಠ ಮಾಡಲೇಬೇಕು, ಕ್ಷಮಿಸಿ. ಹುಣಿಸೆಹಣ್ಣಿಗೆ ಹುಳಿ ಕೊಡುವುದು ಈ ಆಸಿಡ್ಡು. ಇದರ ಅಣುವನ್ನು ಬೇರೆಬೇರೆ ರೀತಿ ಕಟ್ಟಬಹುದು. ಕೆಲವು ಜೋಡಿಗಳು ನಮ್ಮ ಎಡಗಾಲ, ಬಲಗಾಲ ಚಪ್ಪಲಿಯ ಹಾಗೆ. ಕನ್ನಡಿಯಲ್ಲಿ ಒಂದರ ಬಿಂಬ ಇನ್ನೊಂದು, ಆದರೆ ಎಷ್ಟು ತಿರುಗಿಸಿದರೂ ಎಡದ್ದು ಬಲಗಾಲಿಗೆ ಬರುವುದಿಲ್ಲ. ಆದರೆ ಲೋಟ ಹಾಗಲ್ಲ. ಲೋಟವನ್ನು ಕನ್ನಡಿಗೆ ಹಿಡಿದರೆ ಅಲ್ಲಿ ಕಾಣುವುದೂ ಅದೇ ಲೋಟ. ವೈದ್ಯಲಿಂಗಂ ನೋಟ್ಸಿನಲ್ಲಿ ನಾಲ್ಕು ರೂಪ ಇದ್ದವು. ಫಾರ್ಮುಲಾ ಹಾಕಿದರೆ ನಾಲ್ಕೇ ಬರುತ್ತದೆ. ನಾನೂ ಪರೀಕ್ಷೆಯಲ್ಲಿ ನಾಲ್ಕು ಬರೆದು ಪೂರ್ತಿ ಮಾರ್ಕು ತೆಗೆದುಕೊಂಡವಳೇ.

ಕಮಿಟಿಗೆಂದು ನಾಲ್ಕನ್ನೂ ಕಟ್ಟಿದೆ. ಅಭ್ಯಾಸಕ್ಕೆ ಮೂರನೆಯದನ್ನೂ ನಾಲ್ಕನೆಯದನ್ನೂ ಅಕ್ಕಪಕ್ಕ ಇಟ್ಟು, ನಾಲ್ಕನೆಯದನ್ನು ತಿರುಗಿಸುತ್ತಿದ್ದೆ. ತಲೆಕೆಳಗಾದದ್ದೇ ತಡ, ಅದು ಮೂರನೆಯದೇ ಆಗಿಬಿಟ್ಟಿತು. ಕೆಂಪಿಗೆ ಕೆಂಪು, ಬಿಳಿಗೆ ಬಿಳಿ. ಮೌಸಿನ ಹೊಟ್ಟೆಯೊಳಗಿನ ಉಂಡೆ ತೆಗೆದು ಉಜ್ಜಿ ಹಾಕಿದೆ. ಮತ್ತೆ ಕಟ್ಟಿದೆ. ಮತ್ತೆ ಅದೇ. ಸಾರ್ ಇಪ್ಪತ್ತೆರಡು ವರ್ಷದಿಂದ ಎಡ ಚಪ್ಪಲಿ, ಬಲ ಚಪ್ಪಲಿ, ಲೋಟ, ಕನ್ನಡಿಯೊಳಗಿನ ಲೋಟ ಎಂದು ಎಣಿಸಿ ನಾಲ್ಕು ಅನ್ನುತ್ತಿದ್ದರು.

ಲೈಬ್ರರಿಯ ಗಾಜಿನ ಬೀರುವಿನಲ್ಲಿ ಒಂದು ದಪ್ಪ ವಿದೇಶಿ ಪುಸ್ತಕವಿತ್ತು. ಕಮಿಟಿಗೆ ಕಾಣಲೆಂದು ಇಟ್ಟದ್ದು, ಓದಲೆಂದಲ್ಲ. ಬೇಡಿಕೊಂಡು ತೆಗೆಸಿದೆ. ಮೂರೇ ರೂಪ ಅಂತಿತ್ತು.

ನನ್ನ ಪರ್ಮನೆಂಟ್ ಆರ್ಡರಿಗೆ ಶಿಫಾರಸು ಮಾಡಬೇಕಾದವರು ಇದೇ ವೈದ್ಯಲಿಂಗಂ ಸಾರ್. ಶನಿವಾರ ಊರಿಗೆ ಹೋದೆ. ಹುಣಿಸೆಯ ಕಾಲ. ಅಂಗಳದ ತುಂಬ ಕಾಯಿ ಹರಡಿ, ಅವ್ವ ಚಿಪ್ಪು ಒಡೆದು ನಾರು ಬಿಡಿಸುತ್ತ ಕೂತಿದ್ದಳು. ನಾನೂ ಒಂದು ಮಣೆ ಎಳೆದುಕೊಂಡು ಕೂತು ಕಥೆಯೆಲ್ಲ ಹೇಳಿದೆ.

"ಉಣ್ಸೆಹಣ್ಣಲ್ಲಿ ನಾಕೈತೋ ಮೂರೈತೋ ಅಂತ ಜಗಳವಾ?" ಅಂದಳು ಅವ್ವ.

"ಅಷ್ಟೇ ಅಂತ ಇಟ್ಕೋ."

"ಮೂರಾದ್ರೆ ಹುಳಿ ಕಮ್ಮಿ ಆಯ್ತದಾ?"

"ಇಲ್ಲವ್ವ."

"ಆಮೇಲೇನು ಕಷ್ಟ ನಿಂಗೆ?"

"ಕ್ಲಾಸಿನ ಪುಳ್ಳೆಗಳು ತಪ್ಪು ಕಲೀತಾವೆ. ಯೇಳಿದ್ರೆ ಸಾರ್‌ಗೆ ಕೋಪ ಬತ್ತದೆ."

ಅವ್ವ ಒಂದು ಬೀಜ ಹಿಂಡಿ ತೆಗೆದು ಆಚೆ ಹಾಕಿದಳು. "ನಾಕು ಜನ್ರ ಮುಂದೆ ಯೇಳ್ಬ್ಯಾಡ. ತನಿಯಾಗಿ ಯೇಳು. ಅದೂ ಅವ್ರು ಉಂಡ್ಮ್ಯಾಲೆ ಯೇಳು. ಅಸ್ದಿರೋ ಗಂಡಸ್ರತ್ರ ಓಗಿ ನಿಂದು ತಪ್ಪು ಅಂದ್ರೆ, ತಪ್ಪು ಯಾವ್ದು ಅಂತ್ಲೂ ಕೇಳಲ್ಲ, ಬೈತಾರೆ. ನಿಮ್ಮಪ್ಪನ್ನ ನೋಡಿಲ್ವಾ."

ಸೋಮವಾರ ಸಾರ್ ಊಟ ಮುಗಿಸಿ, ಡಬ್ಬಿ ತೊಳೆದಿಟ್ಟು, ವೀಳ್ಯ ಹಾಕಿಕೊಂಡ ಮೇಲೆ ಹೋದೆ. ಕಂಪ್ಯೂಟರ್ ರೂಮಿಗೆ ಕರೆದು ತಂದು, ನಾಲ್ಕನೆಯದನ್ನು ತಿರುಗಿಸಿ ಮೂರನೆಯದರ ಪಕ್ಕ ನಿಲ್ಲಿಸಿದೆ. ಅವರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ನೋಡಿದರು.

"ಸಾಫ್ಟ್‌ವೇರ್ ತಪ್ಪು ತೋರಿಸ್ತಿದೆ," ಅಂದರು.

"ಪುಸ್ತಕದಲ್ಲೂ ಮೂರೇ ಇದೆ ಸಾರ್."

"ಫಾರಿನ್ ಆಥರ್. ನಮ್ಮ ಸಿಲಬಸ್ ಅವನಿಗೇನು ಗೊತ್ತು." ಹಾಗಂದವರು ಹೊರಗೆ ಹೋಗಿ, ತಮ್ಮ ಎಡ ಚಪ್ಪಲಿಯನ್ನು ಬಲಗಾಲಿಗೆ ತೂರಿಸಲು ನೋಡಿ, ಸರಿಮಾಡಿಕೊಂಡು ನಡೆದರು.

ಅವತ್ತೇ ಸಂಜೆ ಅವರು ಸಾಫ್ಟ್‌ವೇರ್ ಮಾರಿದ ಕಂಪನಿಗೆ ಒಂದು ದೂರು ಬರೆದರು. ಟೈಪ್ ಮಾಡಿದವಳು ನಾನೇ ಆದ್ದರಿಂದ ಇನ್ನೂ ನೆನಪಿದೆ. ತಾವು ಸರಬರಾಜು ಮಾಡಿದ ಸಾಫ್ಟ್‌ವೇರು ನಾಲ್ಕು ರೂಪಗಳ ಬದಲು ಮೂರನ್ನು ಮಾತ್ರ ತೋರಿಸುತ್ತಿದೆ, ಉಳಿದ ಒಂದನ್ನು ಕೂಡಲೇ ಒದಗಿಸತಕ್ಕದ್ದು.

ವಾರದೊಳಗೆ ಕೋಯಮತ್ತೂರಿನಿಂದ ಸರ್ವಿಸ್ ಎಂಜಿನಿಯರ್ ಬಂದರು. ಐವತ್ತರ ಹತ್ತಿರದ ಮನುಷ್ಯ, ಮೊದಲು ಟೈಪ್‌ರೈಟರ್ ರಿಪೇರಿ ಮಾಡುತ್ತಿದ್ದರಂತೆ. ದೂರು ಓದಿದರು. ಎಲ್ಲ ಅಳಿಸಿ, ಫ್ಲಾಪಿಗಳನ್ನು ಒಂದೊಂದಾಗಿ ಹಾಕಿ ಮತ್ತೆ ತುಂಬಿದರು. ನಾಲ್ಕನೆಯದು ಮತ್ತೆ ಮೂರನೆಯದೇ ಆಯಿತು. ಅವರು ಸಾರ್ ಕಡೆ ತಿರುಗಿ, ಬೋಂಡಾ ಎಷ್ಟು ಕಟ್ಟಲಿ ಎಂದು ಕೇಳುವ ಅಂಗಡಿಯವರ ಹಾಗೆ, "ಸಾರ್, ನಿಮಗೆ ಎಷ್ಟು ಬೇಕು?" ಎಂದು ಕೇಳಿದರು.

"ನಾಲ್ಕು."

ಎಂಜಿನಿಯರ್ ತಲೆಯಾಡಿಸಿ, ನಾಲ್ಕನೆಯ ಅಣುವಿನ ಅಷ್ಟೂ ಗುಂಡುಗಳಿಗೆ ಹಸಿರು ಬಣ್ಣ ಹಾಕಿ ಕೂತರು. "ಇಪ್ಪ ನಾಲು ಇರುಕ್ಕು ಸಾರ್," ಅಂದರು. ಈಗ ನಾಲ್ಕಿವೆ. ಸಾರ್ ದೂರಿನ ಮೇಲೆ 'ಸರಿಪಡಿಸಲಾಗಿದೆ' ಎಂದು ಬರೆದು ಸಹಿ ಹಾಕಿದರು. ನಾನು ಪಕ್ಕದಲ್ಲೇ ನಿಂತಿದ್ದೆ, ಸುಮ್ಮನಿದ್ದೆ. ನನ್ನನ್ನು ಸತ್ಯವಂತೆ ಅಂದುಕೊಳ್ಳಬೇಡಿ. ಟೆಂಪರರಿಯವರಿಗೆ ಸತ್ಯವೂ ಟೆಂಪರರಿಯೇ.

ಆದರೆ ಆ ವಾರ ಒಂದು ಸಣ್ಣ ಸಂಗತಿ ನಡೆಯಿತು. ಬೀರುವಿಗೆ ವಾಪಸ್ ಹೋಗಬೇಕಿದ್ದ ದಪ್ಪ ಪುಸ್ತಕ ನನ್ನ ಮೇಜಿನ ಮೇಲಿಂದ ಕಾಣೆಯಾಯಿತು. ಮೂರು ದಿನದ ಮೇಲೆ ಅಲ್ಲೇ ಇತ್ತು, ಒಂದು ಪುಟದ ನಡುವೆ ವೀಳ್ಯದ ಕಲೆಯ ಬೆರಳಚ್ಚಿತ್ತು.

ಕಮಿಟಿ ಬಂತು. ಮೂವರು. ಕೆಮಿಸ್ಟ್ರಿಯವರೊಬ್ಬರು ಇರಬೇಕಿತ್ತು, ಅವರಿಗೆ ಬೇರೆಲ್ಲೋ ಮದುವೆಯಂತೆ. ಬದಲಿಗೆ ಕಾಮರ್ಸಿನವರು ಬಂದಿದ್ದರು. ಒಬ್ಬರ ಕಾಲುಚೀಲದಲ್ಲಿ ಹೆಬ್ಬೆಟ್ಟು ಇಣುಕುತ್ತಿದ್ದ ಕಾರಣ ಅವರು ಬೂಟು ಬಿಚ್ಚಲೊಪ್ಪದೆ ಗಾಜಿನ ಬಾಗಿಲ ಆಚೆಯಿಂದಲೇ ಪರಿಶೀಲಿಸಿದರು. ಉಳಿದಿಬ್ಬರು ಒಳಗೆ ಬಂದರು. ಕರೆಸ್ಪಾಂಡೆಂಟ್ ಅಯ್ಯಾ ಮೂಲೆಯಲ್ಲಿ ಕೈಕಟ್ಟಿ ನಿಂತರು. ಸಾರ್ ಬೆತ್ತ ಹಿಡಿದರು. ನಾನು ತಿರುಗಿಸಿದೆ.

ಒಂದನೆಯದು ತಿರುಗಿತು. ಎರಡನೆಯದು ತಿರುಗಿತು.

"ಪ್ರಿಂಟ್ ಬರತ್ತಾ?" ಎಂದರು ಒಬ್ಬರು.

"ಬರತ್ತೆ."

"ಕಲರ್ರಾ?"

"ಬ್ಲಾಕ್ ಅಂಡ್ ವೈಟ್."

"ಇನ್ನೂ ಜೋರಾಗಿ ತಿರುಗಿಸಮ್ಮ," ಅಂದರು ಅಯ್ಯಾ.

ಮೂರನೆಯದು ತಿರುಗಿತು. ನಾಲ್ಕನೆಯದು ಪರದೆಗೆ ಬಂದ ಕೂಡಲೇ ಕಾಮರ್ಸ್ ಮೇಷ್ಟ್ರು ಮುಂದೆ ಬಾಗಿ, "ಇದೊಂದು ಯಾಕೆ ಹಸಿರು?" ಎಂದು ಕೇಳಿದರು.

ಇಡೀ ತಪಾಸಣೆಯಲ್ಲಿ ಕೇಳಬೇಕಾದ ಪ್ರಶ್ನೆ ಅದೊಂದೇ. ಅದನ್ನು ಕೇಳಿದವರಿಗೆ ಅದು ಗೊತ್ತಿರಲಿಲ್ಲ. ನನ್ನ ಕೈ ಮೌಸಿನ ಮೇಲೆ ನಿಂತಿತು. ನಾಕು ಜನ್ರ ಮುಂದೆ ಯೇಳ್ಬ್ಯಾಡ ಎಂದ ಅವ್ವ ನೆನಪಾದಳು. ನನ್ನನ್ನು ಬಿಟ್ಟರೆ ಇಲ್ಲಿ ಸರಿಯಾಗಿ ನಾಲ್ಕೇ ಜನ ಇದ್ದರು, ಬಾಗಿಲಾಚೆಯವರನ್ನು ಸೇರಿಸಿದರೆ ಐದು. ನಾನು ಸಾರ್ ಮುಖ ನೋಡಿದೆ. ಆ ತಣ್ಣನೆಯ ರೂಮಿನಲ್ಲೂ ಅವರ ಹಣೆಯಲ್ಲಿ ಬೆವರಿತ್ತು.

"ಅದು ತಪ್ಪು," ಅಂದರು ಸಾರ್.

ಅಯ್ಯಾ ಕೈ ಬಿಚ್ಚಿದರು.

"ಅದು ಬೇರೆ ರೂಪ ಅಲ್ಲ. ಮೂರನೆಯದೇ. ನಾಲ್ಕು ಅಂತ ಬರೆಯೋದು ರೂಢಿಯಾಗಿಬಿಟ್ಟಿರತ್ತೆ. ಆ ತಪ್ಪು ಕಣ್ಣಿಗೆ ಕಾಣಲಿ ಅಂತಲೇ ಬೇರೆ ಬಣ್ಣ. ಮಾದೇವಿ, ತಿರುಗಿಸಿ ತೋರಿಸಮ್ಮ."

ತಿರುಗಿಸಿದೆ. ಹಸಿರು ಅಣು ಮೆಲ್ಲಗೆ ತಲೆಕೆಳಗಾಗಿ ಮೂರನೆಯದರ ಪಕ್ಕದಲ್ಲಿ ಅದರ ಅವಳಿಯ ಹಾಗೆ ನಿಂತಿತು. ಗುಂಡುಗಳು ಒಂದೊಂದೇ ಬಂದು ಕೂತವು. ಕಮಿಟಿಯವರು ಬಹಳ ಮೆಚ್ಚಿಕೊಂಡರು. ತಪ್ಪನ್ನೇ ಬಣ್ಣ ಹಾಕಿ ತೋರಿಸುವ ಇಂಥ ಪದ್ಧತಿ ತಮ್ಮ ಕಾಲೇಜಿನಲ್ಲೂ ಇಲ್ಲ ಎಂದು ಕಾಮರ್ಸಿನವರು ಬರೆದುಕೊಂಡರು. ಬಾಗಿಲಾಚೆಯವರು ಬರೆದದ್ದೇನೋ ತಿಳಿಯದು. ಕೋರ್ಸು ಸಿಕ್ಕಿತು. ನನ್ನ ಆರ್ಡರೂ ಬಂತು. ಅದರಲ್ಲಿ ನನ್ನ ಕೆಲಸವನ್ನು 'ಅಣುಗಳನ್ನು ತೃಪ್ತಿಕರವಾಗಿ ತಿರುಗಿಸಿದ್ದಕ್ಕಾಗಿ' ಶ್ಲಾಘಿಸಲಾಗಿತ್ತು.

ಕಮಿಟಿ ಬಂದುಹೋದ ಮರುವಾರದ ಸೋಮವಾರ ಸೆಕೆಂಡ್ ಇಯರ್ ಕ್ಲಾಸಿನಲ್ಲಿ ಸಾರ್ ಟಾರ್ಟಾರಿಕ್ ಆಸಿಡ್‌ಗೆ ಮೂರು ರೂಪ ಎಂದು ಬರೆಸಿದರು. ನಾನು ಹಿಂದಿನ ಬೆಂಚಿನಲ್ಲಿ ರೆಕಾರ್ಡ್ ತಿದ್ದುತ್ತಿದ್ದೆ. ಒಬ್ಬ ಹುಡುಗಿ ಎದ್ದು, "ಸಾರ್, ಅಕ್ಕನ ನೋಟ್ಸಲ್ಲಿ ನಾಲ್ಕಿದೆ," ಅಂದಳು.

ಸಾರ್ ಚಾಕ್ ಕೆಳಗಿಟ್ಟು, "ಹೋದ ವಾರ ಯೂನಿವರ್ಸಿಟಿ ಕಮಿಟಿ ಬಂದಿತ್ತಲ್ಲಮ್ಮ," ಅಂದರು. "ಒಂದು ಕಡಿಮೆ ಮಾಡಿದ್ದಾರೆ."

ಕ್ಲಾಸೆಲ್ಲ ತಲೆಬಾಗಿಸಿ ನಾಲ್ಕನ್ನು ಹೊಡೆದು ಮೂರು ಮಾಡಿತು. ನಗು ತಡೆಯಲು ನಾನು ರೆಕಾರ್ಡಿನೊಳಗೆ ಮುಖ ಹುದುಗಿಸಿದೆ. ಆದರೆ ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ನಗು ಉಳಿಯಲಿಲ್ಲ. ಸಾರ್ ತಮ್ಮ ಮೂಲ ನೋಟ್ಸಿನ ಕಟ್ಟನ್ನು, ಹಳದಿಗಟ್ಟಿ ಅಂಚು ಉದುರುತ್ತಿದ್ದದ್ದನ್ನು, ತಂದು ನನ್ನ ಮೇಜಿನ ಮೇಲಿಟ್ಟರು.

"ಉಳಿದವನ್ನೂ ತಿರುಗಿಸಿ ನೋಡಮ್ಮ," ಅಂದರು. "ತಪ್ಪಿದ್ದರೆ ಕೆಂಪಿನಲ್ಲೇ ಬರಿ. ಪೆನ್ಸಿಲ್ ಬೇಡ, ಪೆನ್ಸಿಲ್ ಆದರೆ ನಾನು ಅಳಿಸಿಬಿಡ್ತೀನಿ."

ನಾಲ್ಕು ತಿಂಗಳು ತಿರುಗಿಸಿದೆ. ಬೆಳಿಗ್ಗೆ ಪ್ರಾಕ್ಟಿಕಲ್, ಮಧ್ಯಾಹ್ನ ಜಮಖಾನದ ಮೇಲೆ ಬರಿಗಾಲು. ಸಾರ್ ಬರೆದದ್ದೆಲ್ಲ ಪರದೆಯ ಮೇಲೆ ಎದ್ದು ಬಂತು, ತಿರುಗಿತು, ಬಹುಪಾಲು ಸರಿಯಾಗಿತ್ತು. ಅಲ್ಲೊಂದು ಇಲ್ಲೊಂದು ತಪ್ಪು ಸಿಕ್ಕಿದಾಗ ನನಗಾಗುತ್ತಿದ್ದ ಸಂತೋಷವನ್ನು ಈಗ ಹೇಳಿಕೊಳ್ಳಲು ನಾಚಿಕೆ. ಒಟ್ಟು ಏಳು ಕೆಂಪು ಗುರುತು ಹಾಕಿ ಕಟ್ಟನ್ನು ವಾಪಸ್ ಕೊಟ್ಟೆ. ಸಾರ್ ಒಂದು ವಾರ ಅದನ್ನು ಮನೆಗೆ ಒಯ್ದು ನೋಡಿದರು. ಆಮೇಲೊಂದು ದಿನ, ಊಟಕ್ಕೆ ಮೊದಲೇ, ಕರೆದರು.

"ಆರು ಒಪ್ಪಿದೆ," ಅಂದರು. "ಇದು ತಪ್ಪಲ್ಲ."

ಅದು ಆರು ಕಾರ್ಬನ್ನುಗಳ ಒಂದು ಉಂಗುರ. ನೋಡಲು ಆರಾಮಕುರ್ಚಿಯ ಹಾಗಿರುತ್ತದೆ, ಒಂದು ತುದಿ ಮೇಲೆ, ಒಂದು ತುದಿ ಕೆಳಗೆ. ಅದಕ್ಕೆ ಅಂಟಿಸಿದ ಎರಡು ಗುಂಪುಗಳು ಇರುವ ರೀತಿಯಿಂದ, ಅದನ್ನೂ ಅದರ ಕನ್ನಡಿಬಿಂಬವನ್ನೂ ಬೇರೆ ಮಾಡಿ ಎರಡು ಬಾಟಲಿಗೆ ತುಂಬಲಾಗದು ಎಂದು ಸಾರ್ ಬರೆದಿದ್ದರು. ನಾನು ಪರದೆಯ ಮೇಲೆ ಎಲ್ಲ ದಿಕ್ಕಿಗೂ ತಿರುಗಿಸಿ, ಒಂದು ಇನ್ನೊಂದಕ್ಕೆ ಹೊಂದುವುದೇ ಇಲ್ಲ ಎಂದು ಕಂಡುಕೊಂಡು, ಕೆಂಪು ಗೆರೆ ಎಳೆದಿದ್ದೆ.

"ಸಾರ್, ಎಷ್ಟು ತಿರುಗಿಸಿದರೂ ಹೊಂದಲಿಲ್ಲ. ಇವೂ ಎಡ, ಬಲ ಚಪ್ಪಲಿಯೇ."

"ತಿರುಗಿಸಿದರೆ ಹೊಂದಲ್ಲ, ಒಪ್ಪಿದೆ. ಅದು ಮಡಚಿಕೊಳ್ಳತ್ತೆ ಅನ್ನೋದನ್ನ ಮರೆತೆ." ಅವರು ಎರಡು ಅಂಗೈ ಜೋಡಿಸಿ ಕುರ್ಚಿ ಮಾಡಿದರು. ಎತ್ತಿದ್ದ ಬೆರಳ ತುದಿ ಇಳಿಸಿದರು, ಇಳಿದಿದ್ದ ಮಣಿಕಟ್ಟು ಎತ್ತಿದರು. "ತಲೆ ಇದ್ದ ಕಡೆ ಕಾಲು, ಕಾಲಿದ್ದ ಕಡೆ ತಲೆ. ಒಂದು ಕ್ಷಣದಲ್ಲಿ ಲೆಕ್ಕವಿಲ್ಲದಷ್ಟು ಸಲ. ಮಡಚಿದಾಗೆಲ್ಲ ಇದೇ ಅದರ ಬಿಂಬ ಆಗಿಬಿಡತ್ತೆ. ಎಡ ಯಾವುದು ಬಲ ಯಾವುದು ಅಂತ ಹಿಡಿಯೋದು ಹೇಗೆ? ನಿನ್ನ ಪರದೆ ಮೇಲಿರೋದು ನೀನು ಮೌಸ್ ಬಿಟ್ಟರೆ ನಿಂತುಬಿಡತ್ತೆ. ಬಾಟ್ಲಿಯಲ್ಲಿರೋದು ನಿನ್ನ ಕೈಗೆ ಕಾಯಲ್ಲಮ್ಮ."

ಎಂ.ಎಸ್ಸಿ.ಯಲ್ಲಿ ನಾನು ಓದಿದ್ದ ಪಾಠವೇ ಅದು. ಪರದೆಯ ಮೇಲೆ ಕಾಣಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಇಲ್ಲ ಅಂದುಕೊಂಡಿದ್ದೆ. ಮಾನಿಟರಿನ ಹಣೆಗೆ ಕುಂಕುಮ ಹಚ್ಚಿದವರನ್ನು ನೋಡಿ ನಕ್ಕವಳು ನಾನು.

ಬ್ಲೇಡ್ ತಂದು ಆ ಕೆಂಪು ಗೆರೆಯನ್ನು ಕೆರೆಯಲು ಕೂತೆ. ಹಳೆಯ ಕಾಗದ, ಇಂಕಿನ ಜೊತೆಗೆ ಅದೂ ಬಂತು, ಒಂದು ಸಣ್ಣ ತೂತು ಬಿತ್ತು. ಗಾಬರಿಯಾಗಿ ಅಂಟಿಸಲು ಗೋಂದು ಹುಡುಕುತ್ತಿದ್ದೆ. ಸಾರ್ ಹಾಳೆಯನ್ನು ಕೈಗೆ ತೆಗೆದುಕೊಂಡು, ಕಿಟಕಿಯ ಬೆಳಕಿಗೆ ಹಿಡಿದು, ಆ ತೂತಿನೊಳಗಿಂದ ಒಮ್ಮೆ ನನ್ನನ್ನು ನೋಡಿದರು.

"ಅಂಟಿಸಬೇಡ, ಇರಲಿ," ಅಂದರು. "ಪಾಠ ಮಾಡುವಾಗ ನೆನಪಿರತ್ತೆ."

ಯಾರಿಗೆ ಎಂದು ಹೇಳಲಿಲ್ಲ. ಹಾಳೆಯನ್ನು ಅದರ ಜಾಗಕ್ಕೆ ಸೇರಿಸಿ, ಕಟ್ಟಿಗೆ ದಾರ ಬಿಗಿದು, ಊಟದ ಡಬ್ಬಿ ತೆಗೆದರು.